ಡೆಸ್ ಏಣಿ ಹತ್ತದ ವರ್ಷ

ಡಿಸೆಂಬರ್ ಮೊದಲ ಶನಿವಾರ. ಬೆಳಿಗ್ಗೆ ಹತ್ತಕ್ಕೇ ಆಸ್ಟ್ರೇಲಿಯಾದ ಮರ್ರೇ ಬ್ರಿಡ್ಜ್ ಊರಿನ ಬೇಸಿಗೆ ಬಿಸಿಲು ಮನೆಯ ತಗಡಿನ ಮಾಡನ್ನು ಕಾವಲಿಯ ಹಾಗೆ ಕಾಯಿಸಿಬಿಟ್ಟಿತ್ತು. ಏಣಿಯ ಏಳನೇ ಮೆಟ್ಟಿಲ ಮೇಲೆ ನಿಂತು ಜಾಯ್ಲೀನ್ ಕ್ರಿಸ್ಮಸ್ ದೀಪದ ಸರ ಬಿಗಿಯುತ್ತಿದ್ದಳು. ಕೆಳಗೆ ಮಡಚು ಕುರ್ಚಿಯಲ್ಲಿ, ತಣ್ಣನೆಯ ನಿಂಬೆ ಶರಬತ್ತು ಹಿಡಿದು ಅವಳ ಗಂಡ ಡೆಸ್ ಕೂತಿದ್ದ.

"ಎಡಕ್ಕೆ ಜಾಯ್, ಸ್ವಲ್ಪ ಎಡಕ್ಕೆ. ಅಯ್ಯೋ, ಅಷ್ಟಲ್ಲ."

"ನನ್ನ ಎಡವೋ ನಿನ್ನ ಎಡವೋ?"

"ಮನೆಯ ಎಡ."

"ಮನೆಗೆ ಬೇರೆ ಎಡ ಬಲ ಇದೆಯೇನೋ ಮಹಾರಾಯ!"

ವಾರವೆಲ್ಲ ಶಾಲೆಯ ಬಸ್ಸು ಓಡಿಸಿ, ಮಕ್ಕಳ ಕೂಗಾಟ ಕೇಳಿ ಅವಳ ತಲೆ ಗೊಂಯ್ ಎನ್ನುತ್ತಿತ್ತು. ಮೇಲಾಗಿ ನಿನ್ನೆ ಸಂಜೆ ಎರಡು ಗಂಟೆ ಕೂತು ಸಿಕ್ಕು ಬಿಡಿಸಿ ಕಟ್ಟಿದ್ದ ಸರಗಳನ್ನು ಬೆಳಗಾಗುವಷ್ಟರಲ್ಲಿ ಬಿಳಿ ಗಿಳಿಗಳ ಹಿಂಡೊಂದು ಕಚ್ಚಿ ತುಂಡು ತುಂಡು ಮಾಡಿತ್ತು. ಈಗ ಎಲ್ಲವೂ ಮತ್ತೆ ಮೊದಲಿಂದ.

ಇಷ್ಟು ವರ್ಷ ಇದೆಲ್ಲ ಡೆಸ್‌ನ ಪಾಲಿನ ಕೆಲಸ. ಮಾಡು ಹೊದಿಸುವುದೇ ಅವನ ಕಸುಬು. ನಲವತ್ತು ವರ್ಷ ಊರಿನ ಮಾಡುಗಳ ಮೇಲೆ ಬೆಕ್ಕಿನ ಹಾಗೆ ಓಡಾಡಿದವನು. ಪ್ರತಿ ಕ್ರಿಸ್ಮಸ್ಸಿಗೂ ತಾನೇ ಹಲಗೆಯಲ್ಲಿ ಕೊರೆದ ಸಾಂತಾ ಕ್ಲಾಸ್‌ನ ಗಾಡಿಯನ್ನೂ ಅದನ್ನೆಳೆಯುವ ಆರು ಕಾಂಗರೂಗಳನ್ನೂ ಮಾಡಿನ ನೆತ್ತಿಗೇರಿಸುತ್ತಿದ್ದ. ನೋಡುವುದಕ್ಕೆ ಬೇರೆ ಬೀದಿಯವರು ಕಾರು ಮಾಡಿಕೊಂಡು ಬರುತ್ತಿದ್ದರು. ಕಳೆದ ಜನವರಿಯಲ್ಲಿ ಅದನ್ನೆಲ್ಲ ಇಳಿಸುವಾಗ ಕಾಲು ಜಾರಿ ಬಿದ್ದು ಸೊಂಟ ಮುರಿಯಿತು. ಅಂದಿನಿಂದ ಏಣಿಯ ಮಾತು ಬಂದಾಗಲೆಲ್ಲ ಒಂದೇ ಉತ್ತರ: "ಡಾಕ್ಟರು ಬೇಡ ಅಂದಿದಾರೆ."

ಆಗ ಬೀದಿಯಲ್ಲಿ ನಾಯಿ ಹಿಡಿದುಕೊಂಡು ಟೀಗನ್ ಬಂದಳು. ಡೆಸ್‌ಗೆ ಆರು ತಿಂಗಳು ಕಾಲಿನ ವ್ಯಾಯಾಮ ಮಾಡಿಸಿದ ಫಿಸಿಯೋಥೆರಪಿಸ್ಟ್ ಅವಳೇ.

"ಏನ್ ಡೆಸ್, ಹೆಂಡತೀನ ಹತ್ತಿಸಿ ನೀವು ಕೂತಿದೀರಾ? ಸೆಪ್ಟೆಂಬರಲ್ಲೇ ಏಣಿ ಹತ್ತಬಹುದು ಅಂದಿದ್ದೆನಲ್ಲ!" ಎಂದು ನಕ್ಕು ನಾಯಿಯ ಹಿಂದೆ ಹೋಗಿಯೇಬಿಟ್ಟಳು.

ಜಾಯ್ಲೀನ್ ಏಣಿ ಇಳಿದಳು. ಕೈಯಲ್ಲಿದ್ದ ಸರದ ಗಂಟನ್ನು ಡೆಸ್‌ನ ಮಡಿಲಿಗೆ ಒಗೆದಳು. ಶರಬತ್ತು ಚೆಲ್ಲಿತು.

"ಸೆಪ್ಟೆಂಬರಿಂದ! ಮಾಡಿನಂಚಿನ ಮಳೆನೀರಿನ ದೋಣಿಯಲ್ಲಿ ಎಲೆ ತುಂಬಿದಾಗ ಹತ್ತಿದ್ದು ಯಾರು?"

"ನೀನು."

"ಆಂಟೆನಾ ತಿರುಗಿಸಿದ್ದು?"

"ನೀನೇ."

"ಮತ್ತೆ ನಿನಗೇನು ರೋಗ?"

ಡೆಸ್ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಭಯ ಆಗುತ್ತೆ ಜಾಯ್. ಎರಡನೇ ಮೆಟ್ಟಿಲಿಗೇ ಕಾಲು ನಡುಗುತ್ತೆ. ನೀನಿಲ್ಲದಾಗ ನಾಲ್ಕು ಸಲ ಹತ್ತಿ ನೋಡಿದೆ. ಒಂದ್ಸಲ ಹತ್ತೋಕೂ ಆಗದೆ ಇಳಿಯೋಕೂ ಆಗದೆ ಏಣಿ ತಬ್ಬಿಕೊಂಡು ನಿಂತುಬಿಟ್ಟಿದ್ದೆ. ಟಪಾಲು ಹಂಚೋಳು ಬಂದು ಕೈಹಿಡಿದು ಇಳಿಸಿದಳು."

"ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ! ಹೇಳಿದ್ರೆ ನಾನೇನು ನಗ್ತಿದ್ನಾ?"

"ನಗ್ತಿದ್ದೆ."

ಜಾಯ್ಲೀನ್ ನಗುತ್ತಿದ್ದದ್ದು ನಿಜ. ಅಷ್ಟೇ ಅಲ್ಲ, ತಂಗಿಗೆ ಫೋನು ಮಾಡಿ ಹೇಳಿಯೂ ಬಿಡುತ್ತಿದ್ದಳು. ಹಾಗಂತ ಸಿಟ್ಟೇನೂ ಇಳಿಯಲಿಲ್ಲ. ಆದರೂ ಏಣಿಯನ್ನು ಗೋಡೆಯಿಂದ ತೆಗೆದು ಹುಲ್ಲಿನ ಮೇಲೆ ಮಲಗಿಸಿದಳು.

"ಸರಿ, ಈ ವರ್ಷ ಯಾರೂ ಹತ್ತೋದು ಬೇಡ," ಎಂದಳು. "ಮಾಡು ಕತ್ತಲಾಗೇ ಇರಲಿ. ಏನಿದ್ರೂ ನೆಲದ ಮೇಲೆ. ಏಳು, ನೀನೇ ಮಾಡು."

ಮಧ್ಯಾಹ್ನವೆಲ್ಲ ಡೆಸ್ ಬೆವರು ಸುರಿಸಿದ. ನೊಣ ಓಡಿಸಿಕೊಂಡು ಬೇಲಿಗೆ, ನಿಂಬೆ ಗಿಡಕ್ಕೆ, ಟಪಾಲು ಪೆಟ್ಟಿಗೆಗೆ ಸರ ಸುತ್ತಿದ. ಕಾಂಗರೂಗಳನ್ನೂ ಅವುಗಳ ಹಿಂದೆ ಗಾಡಿಯನ್ನೂ ಹುಲ್ಲಿನ ಮೇಲೆ ಸಾಲಾಗಿ ನೆಟ್ಟ. ಎದುರು ಮನೆಯ ಫ್ರಾಂಕಾ ಕೈಕಟ್ಟಿ ನಿಂತು ನೋಡಿದಳು.

"ಏನಪ್ಪಾ ಡೆಸ್, ಸಾಂತಾನ ಗಾಡಿ ಕೆಟ್ಟು ಅಂಗಳದಲ್ಲೇ ನಿಂತಿತಾ?"

ಈಗ ಡಾಕ್ಟರ ಹೆಸರು ಬರುತ್ತದೆ ಎಂದು ಜಾಯ್ಲೀನ್ ಹಲ್ಲು ಕಚ್ಚಿ ಕಾದಳು.

"ನನಗೆ ಏಣಿ ಅಂದ್ರೆ ಭಯ ಫ್ರಾಂಕಾ," ಎಂದ ಡೆಸ್, ತಲೆ ಎತ್ತದೆ.

"ನಮ್ಮ ಜೀನೋಗೆ ದಂತವೈದ್ಯರು ಅಂದ್ರೆ ಭಯ. ಎಂಟು ವರ್ಷದಿಂದ ಒಂದೇ ಕಡೆ ಅಗಿಯುತ್ತಾನೆ," ಎಂದು ಗಂಡನ ಗುಟ್ಟು ಹೇಳಿ, ಫ್ರಾಂಕಾ ತಮ್ಮ ಮನೆಯಿಂದ ಇನ್ನೊಂದು ಸುತ್ತಿಗೆ ತಂದುಕೊಟ್ಟಳು.

ಸೂರ್ಯ ಮುಳುಗುತ್ತಲೇ ದೀಪ ಹಾಕಿದರು. ಜನ ಬಂದರು. ಇಷ್ಟು ವರ್ಷ ಕತ್ತೆತ್ತಿ ದೂರದಿಂದ ನೋಡಬೇಕಾಗಿದ್ದ ಕಾಂಗರೂಗಳು ಈಗ ಕೈಗೇ ಸಿಗುತ್ತಿದ್ದುದರಿಂದ ಮಕ್ಕಳನ್ನು ಹಿಡಿಯುವವರೇ ಇಲ್ಲ. ಒಬ್ಬಳು ಬಾಲ ಎಳೆದಳು, ನಾಲ್ವರು ಗಾಡಿ ಹತ್ತಿದರು, ಜಾಯ್ಲೀನಳ ಜೆರೇನಿಯಂ ಹೂವೆಲ್ಲ ಕಾಲಡಿಗೆ ಸಿಕ್ಕಿ ಅಪ್ಪಚ್ಚಿಯಾಯಿತು. ಐದನೆಯವಳು ಹತ್ತುವಾಗ ಗಾಡಿಯ ಹಲಗೆ ಚಟ್ಟನೆ ಮುರಿಯಿತು.

"ಹೂವಿನ ಮೇಲಿಂದ ಇಳೀರೋ! ನಿಮ್ಮ ಅಪ್ಪ ಅಮ್ಮ ಎಲ್ಲಿ ಸತ್ತರು?" ಎಂದು ಜಾಯ್ಲೀನ್ ಕಿರುಚಿದಳು. ಡೆಸ್ ಮಾತ್ರ ಹುಲ್ಲಿನ ಮೇಲೆ ಮೊಣಕಾಲೂರಿ, ಅದೇ ಮಕ್ಕಳಿಗೆ ಕಾಂಗರೂ ಕಿವಿ ಕೊರೆದದ್ದು ಹೇಗೆಂದು ವಿವರಿಸುತ್ತಿದ್ದ.

"ಗಾಡಿಗೆ ದಪ್ಪ ಹಲಗೆ ಹಾಕಬೇಕು ಜಾಯ್," ಎಂದ, ಅವಳತ್ತ ತಿರುಗಿ.

"ನಾಳೆ ಭಾನುವಾರ. ನಾನು ಮಲಗ್ತೀನಿ. ನೀನು ಏನಾದ್ರೂ ಮಾಡ್ಕೋ."

ಅವನು ಮಾಡಿದ. ಬೆಳಿಗ್ಗೆ ಆರಕ್ಕೆ, ಅವಳು ಮಲಗಿದ್ದ ಕೋಣೆಯ ಕಿಟಕಿಯ ಕೆಳಗೇ ಕೂತು, ಮೊಳೆಯ ಮೇಲೆ ಮೊಳೆ ಬಡಿದ.