ಅಶೋಕನ ಮಗಳ ಪಟ

ಮರವಂತೆಯ ಬಸ್ ನಿಲ್ದಾಣದೆದುರು ಸ್ಟುಡಿಯೊ ಇಟ್ಟಿದ್ದ ಚಂದ್ರನ ಕಾಲು ಆ ವರ್ಷ, ಅಂದರೆ ತೊಂಬತ್ತೊಂಬತ್ತರಲ್ಲಿ, ನೆಲದ ಮೇಲೆ ನಿಂತಿರಲಿಲ್ಲ. ಮುಂಬಯಿಯ ಭಾವ ಆಟೊಮ್ಯಾಟಿಕ್ ಕ್ಯಾಮೆರಾ ತಂದುಕೊಟ್ಟಿದ್ದ. ತಿರುಗಿಸುವ ರಗಳೆಯಿಲ್ಲ, ಲೆಕ್ಕ ಹಾಕುವ ತಲೆನೋವಿಲ್ಲ, ಒತ್ತಿದರೆ ಮುಗಿಯಿತು. ಹಳೆಯ ಕ್ಯಾಮೆರಾ ಕಪಾಟು ಸೇರಿತು.

ಫೆಬ್ರವರಿಯ ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಮೀನುಗಾರರ ಕೇರಿಯ ಬೆಳ್ಳಿ ಬಂದು ಮೆಟ್ಟಿಲ ಮೇಲೆ ಕುಸಿದಳು. ಮೂರು ತಿಂಗಳ ಮೊಮ್ಮಗಳು ಜ್ವರದಲ್ಲಿ ಹೋಗಿಬಿಟ್ಟಿತ್ತು. ಮಗ ಅಶೋಕ ಮಳೆಗಾಲ ಮುಗಿದೊಡನೆ ರತ್ನಗಿರಿಯ ಬೋಟಿಗೆ ಹೋದವನು, ಈಗ ನಡುಗಡಲಲ್ಲಿ. ಮಗಳನ್ನು ಅವನು ಕಂಡೇ ಇಲ್ಲ.

"ಹ್ವಾಯ್ ಚಂದ್ರ, ಒಂದ್ ಪಟ ತೆಗುಕ್ ಬಾ ಮಾರಾಯ. ಅವ ಬಪ್ಪೊತ್ತಿಗೆ ಮಣ್ಣ್ ಮಾಡಿ ಆಯಿರತ್ತ್. ಪಟದಗಾರೂ ಮಗಳ್ ಮೋರೆ ಕಾಣ್ಲಿ."

ತಿಂಗಳ ಹಿಂದೆ ಚಂದ್ರ ತಾನಾಗಿ ಹೋದಾಗ, ಕೂಸಿನ ಪಟ ತೆಗೆದರೆ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಅಂಗಳದಿಂದಲೇ ಅಟ್ಟಿದ್ದವಳು ಇವಳೇ. ಈಗ ಅದನ್ನು ಎತ್ತಿ ಆಡುವ ಮನಸ್ಸು ಯಾರಿಗೆ ಬಂದೀತು?

ಕಲರ್ ರೀಲು ಮುಗಿದಿತ್ತು. ಕುಂದಾಪುರದ ಅಂಗಡಿ ತೆರೆಯುವತನಕ ಕಾಯುವಂತಿರಲಿಲ್ಲ. ಹಳೆಯ ಪಟಗಳನ್ನು ನಕಲು ಮಾಡಲೆಂದೇ ಇಟ್ಟ ಕಪ್ಪು-ಬಿಳುಪು ಫಿಲ್ಮ್ ಇತ್ತು. ದೊಡ್ಡ ಸುರುಳಿಯಿಂದ ಕತ್ತರಿಸಿ ಅವನೇ ಬೋಳು ಡಬ್ಬಿಗಳಿಗೆ ತುಂಬಿದ್ದು. ಅದನ್ನೇ ಹೊಸ ಕ್ಯಾಮೆರಾಕ್ಕೆ ಹಾಕಿದ. ಗುರ್ರೆಂದು ತಾನೇ ಸುತ್ತಿಕೊಂಡಿತು. ಬೆಳ್ಳಿಯ ಹಿಂದೆಯೇ ಹೋಗಿ ಕೂಸಿನ ಪಟ ತೆಗೆದು ಬಂದ.

ಆ ಫಿಲ್ಮಿಗೆ ಬೆಳಕು ಬಹಳ ಹೆಚ್ಚು ಬೇಕೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಳೆಯ ಕ್ಯಾಮೆರಾದಲ್ಲಾದರೆ ಕೈ ತಾನಾಗಿ ಗುಂಡಿ ತಿರುಗಿಸುತ್ತಿತ್ತು. ಹೊಸದಕ್ಕೆ ಗುಂಡಿಯೇ ಇಲ್ಲ. ಅಂಗಡಿಯ ರೀಲಿನ ಮೈಮೇಲೆ ಕಪ್ಪು-ಬೆಳ್ಳಿ ಚೌಕಗಳಿರುತ್ತವೆ. ಅವನ್ನು ಮುಟ್ಟಿ ನೋಡಿಯೇ ಒಳಗೆ ಎಂಥ ಫಿಲ್ಮ್ ಇದೆಯೆಂದು ಅದು ತಿಳಿಯುವುದು. ಬೋಳು ಡಬ್ಬಿಯಂತೆ ಚೌಕಗಳಿಲ್ಲದಿದ್ದರೆ ತಕರಾರು ಮಾಡುವುದಿಲ್ಲ, ಮಾಮೂಲಿ ರೀಲೆಂದುಕೊಂಡು ಅಷ್ಟೇ ಬೆಳಕು ಬಿಡುತ್ತದೆ. ಹಾಳಾದ ಯಂತ್ರ! ಚಂದ್ರನಿಗೆ ಇದು ಹೊಳೆದದ್ದು ಸಂಜೆ, ತೊಳೆದ ರೀಲನ್ನು ಬೆಳಕಿಗೆ ಹಿಡಿದಾಗ. ಉದ್ದಕ್ಕೂ ಗಾಜಿನಂತೆ ಖಾಲಿ. ಹುಚ್ಚು ಹಿಡಿದವನಂತೆ ಮತ್ತೆ ಮತ್ತೆ ಪ್ರಿಂಟ್ ಹಾಕಿದ. ರೀಲಿನಲ್ಲಿ ಬೆಳಕು ತಡೆಯುವ ಗುರುತೇ ಇಲ್ಲದೆ ಕಾಗದ ಕಪ್ಪಾಗಿಯೇ ಬಂತು. ಇನ್ನೊಮ್ಮೆ ತೆಗೆಯೋಣವೆಂದರೆ ಕೂಸು ಆಗಲೇ ಮಣ್ಣಿನಡಿ ಇತ್ತು.

ವಾರ ಕಳೆದು ಅಶೋಕ ಬಂದ. ಚಂದ್ರ ಖಾಲಿ ರೀಲನ್ನೇ ಅವನ ಮುಂದಿಟ್ಟು ನಡೆದದ್ದನ್ನು ಹೇಳಿದ. ಅಶೋಕ ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು, ಬಾರಿಸಲಿಲ್ಲ.

"ಹೆಂಡ್ತಿ ಹತ್ರ ಕೇಂಡ್ರೆ ಬರೀ ಮರ್ಕತ್ಲ್, ಕಣ್ಣೀರ್ ನಿಲ್ಲುದಿಲ್ಲ," ಎಂದ. "ನೀವ್ ಹತ್ರದಗೆ ಕಂಡಿದ್ರಿ ಅಲ್ದಾ ಚಂದ್ರಣ್ಣ? ಯಾರ್ ಹಾಂಗಿತ್ತ್?"

ಆವತ್ತು ಚಂದ್ರನ ಕಣ್ಣೆಲ್ಲ ಫೋಕಸ್ ಸರಿಯಾಯಿತೆನ್ನುವ ಕ್ಯಾಮೆರಾದೊಳಗಿನ ಹಸಿರು ದೀಪ ಹತ್ತುತ್ತದೆಯೇ ಎಂಬುದರ ಮೇಲಿತ್ತು. ಎಷ್ಟು ತಿಣುಕಿದರೂ ಕೂಸಿನ ಮುಖ ನೆನಪಿಗೆ ಬರಲಿಲ್ಲ.

"ನಿನ್ನ ಹಾಂಗೇ ಮಾರಾಯ. ಅಚ್ಚ್ ಹೊಯ್ದಾಂಗೆ."

ಅಶೋಕ ಗೋಡೆಯ ಕನ್ನಡಿಯಲ್ಲಿ ತನ್ನ ಮುಖವನ್ನೇ ಬಹಳ ಹೊತ್ತು ನೋಡಿಕೊಂಡ. ಮೂಗು ಮುಟ್ಟಿಕೊಂಡ. ಆಮೇಲೆ ಸ್ಟೂಲಿನ ಮೇಲೆ ಬಂದು ಕುಳಿತ.

"ಹಾಂಗಾರೆ ನಂದೊಂದ್ ಪಟ ತೆಗ್ದ್ ಕೊಡಿ. ಅದನ್ನೇ ಅವ್ಳ್ ಅಂದೇಳಿ ಇಟ್ಕಂತೆ."

ಚಂದ್ರ ಅಂಗಡಿಯ ಹೊಸ ರೀಲು ಹಾಕಿದ. ಈ ಪಟ ಚೆನ್ನಾಗಿಯೇ ಬರುತ್ತದೆಂದು ಅವನಿಗೆ ಗೊತ್ತಿತ್ತು.