ತಂದಿ ಹೆಸರು ಕಡ್ಡಾಯ

2007ರಾಗ ಕೂಡ್ಲಿಗಿ ಕಡಿ ಒಂದು ಸಣ್ಣ ಕಾಲೇಜಿನ್ಯಾಗ ಕಂಪ್ಯೂಟರ್ ಮೇಷ್ಟ್ರಾಗಿದ್ದ ಗುರುಶಾಂತ, ಅಡ್ಮಿಷನ್ನಿಗೆ ತಾನ ಒಂದು ಪ್ರೋಗ್ರಾಮ್ ಬರದಿದ್ದ. ಅದರಾಗ ಅವನ ಸ್ವಂತ ನಿಯಮ ಒಂದಿತ್ತು. ಚೌಕ ಕಂಸದಾಗ ‘ಕಡ್ಡಾಯ’ ಅಂತ ಒಂದ ಪದ, ಅಷ್ಟ. ಯಾವ ಕಲಮಿನ ಮ್ಯಾಲ ಅದನ್ನ ಬರದ್ರ ಆ ಕಲಂ ಖಾಲಿ ಬಿಡಂಗಿಲ್ಲ, ಬಿಟ್ರ ಅರ್ಜಿ ಮುಂದ ಹೋಗಂಗಿಲ್ಲ. ಹುರುಪಿನ್ಯಾಗ ಎಲ್ಲಾ ಕಲಮಿಗೂ ಬರದುಬಿಟ್ಟ.

ಕ್ಲಾರ್ಕ್ ಗಾದಿಲಿಂಗಪ್ಪ ಇಪ್ಪತ್ತು ವರ್ಷ ಕಾಗದದ ಅರ್ಜಿ ತಗೊಂಡಾತ. ಬೇಕಾದಲ್ಲಿ ಅಷ್ಟ ಹಾಕ್ರಿ, ತಂದಿ ಹೆಸರಿಗೆ ಬ್ಯಾಡ ಅಂದ. ಯಾಕಂತ ಕೇಳಿದ್ರ ಎಲಿಗೆ ಸುಣ್ಣ ಹಚ್ಚಿಕೋತ ಕುಂತ. ಕಂಪ್ಯೂಟರಿಗೆ ಎಲ್ಲಾರೂ ಒಂದ ಅಂತ ಗುರುಶಾಂತ ನಕ್ಕ.

ಅಡ್ಮಿಷನ್ನಿನ ಕಡೇ ದಿನ ಸಾಲು ಬಾಗಿಲ ಆಚಿತನ ಇತ್ತು. ಭೂಮಿಕಾ ಬಂದ್ಲು. ಎಂಬತ್ತೆಂಟು ಪರ್ಸೆಂಟು, ಸೈನ್ಸ್ ಸೀಟು ಆಕೀದ. ಗುರುಶಾಂತ ಟೈಪ್ ಮಾಡ್ಕೋತ ಹೋದ. ಒಂದು ಕಲಂ ಕೆಂಪಾತು.

"ತಂದಿ ಹೆಸರೇನವಾ?"

"ಭರಮಮ್ಮ ರೀ."

"ಅದು ತಾಯಿ ಹೆಸರು. ತಂದೀದು ಹೇಳು, ಜೋರಾಗಿ."

ಆಕಿ ನೆಲ ನೋಡಿದ್ಲು. ಸಾಲಿನ್ಯಾಗ ಯಾರೋ, ಅವ್ವನ್ನ ಕೇಳಿಕೊಂಡು ಬಾರವಾ, ಆಕಿಗಾದ್ರೂ ನೆನಪೈತೇನು ಅಂದ. ನಾಕು ಮಂದಿ ನಕ್ರು. ಭೂಮಿಕಾ ಮಾರ್ಕ್ಸ್ ಕಾರ್ಡ್ ಎತ್ತಿಕೊಂಡು ಹೊಂಟುಹೋದ್ಲು.

ಆಮ್ಯಾಲ ಗಾದಿಲಿಂಗಪ್ಪ ಬಾಯಿ ಬಿಟ್ಟ. ಭರಮಮ್ಮನ್ನ ಸಣ್ಣಾಕಿದ್ದಾಗ ದೇವರಿಗೆ ಬಿಟ್ಟಿದ್ರಂತ. ಅಂಥಾ ಮನಿ ಮಕ್ಕಳು ಬಂದ್ರ ಆತ ಏನೂ ಕೇಳದ ಆ ಕಲಮಿನ್ಯಾಗ ಅವ್ವನ ಹೆಸರು ಬರಕೋತಿದ್ದನಂತ.

ಗುರುಶಾಂತ ಆ ಒಂದ ಕಲಮಿನ ಮ್ಯಾಲಿನ ಪದ ಅಳಿಸಿದ. ಎರಡು ನಿಮಿಷ ಹಿಡೀಲಿಲ್ಲ. ಪ್ರಿನ್ಸಿಪಾಲರ ಕೈಕಾಲು ಹಿಡದು ಆಕಿ ಸೀಟು ಎರಡು ದಿನ ಬ್ಯಾರೇದವ್ರಿಗೆ ಕೊಡದಂಗ ತಡದ. ಮಾರನೇ ದಿನ ಭೂಮಿಕಾನ ಊರಿಗೆ ಹೋದ.

ಭರಮಮ್ಮ ಶೇಂಗಾ ಬಿಡಿಸ್ತಿದ್ಲು. ಒಳಗ ಭೂಮಿಕಾ ಇದ್ಲು, ಹೊರಗ ಬರಲಿಲ್ಲ. ಗುರುಶಾಂತ ಒಂದ ಉಸಿರಿಗೆ ಎಲ್ಲಾ ಹೇಳಿದ: ತಪ್ಪು ಪ್ರೋಗ್ರಾಮಿಂದು, ಸರಿ ಮಾಡೀನಿ, ಈಗ ಖಾಲಿ ಬಿಟ್ರೂ ತಗೊಂತೈತಿ.

"ಆ ಮಿಷಿನ್ನು ಕೇಳಿದ್ರ ನನ್ನ ಮಗಳು ಸಿಟ್ಟಾಗ್ತಿದ್ದಿಲ್ರಿ ಮೇಷ್ಟ್ರ," ಅಂದ್ಲು ಭರಮಮ್ಮ. "ಜೋರಾಗಿ ಹೇಳು ಅಂದಾವ್ರು ನೀವಲ್ಲೇನ್ರಿ?"

ಗುರುಶಾಂತ ಬಾಗಿಲ ಕಡಿ ಮುಖ ಮಾಡಿ, ತಪ್ಪಾತವಾ ಅಂದ. ಭರಮಮ್ಮ ನೀರು ಕೊಟ್ಲು, ಕುಡದ, ಎದ್ದ.

ಗಡುವಿನ ಎರಡನೇ ದಿನ ಸಂಜಿ ಐದರ ತನ ಕಂಪ್ಯೂಟರಿನ್ಯಾಗ ಆಕಿ ಅರ್ಜಿ ತೆರದ ಇಟ್ಟಿದ್ದ. ಯಾರೂ ಬರಲಿಲ್ಲ.