ಎಡಗಡೆಯ ಮೂಲೆ

ಇದ್ದಿಲಿಗೆ ಗಾಳಿ ಬೀಸಿದಾಗ ಇಸ್ತ್ರಿ ಪೆಟ್ಟಿಗೆಯ ತೂತುಗಳಲ್ಲಿ ಕೆಂಪು ಕಣ್ಣುಗಳು ತೆರೆಯುತ್ತಿದ್ದವು. ನಂಜಜ್ಜಿಯ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೂ ನನಗೆ ಆ ಕಣ್ಣುಗಳೆಂದರೆ ಭಯ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಎರಡರಿಂದ ಅಂಗಡಿ. ಎಪ್ಪತ್ತು ದಾಟಿದ್ದ ಅಜ್ಜಿಯ ಬಲಗೈ ನಡುಗುತ್ತಿತ್ತು. ಅವಳು ಪೆಟ್ಟಿಗೆ ಎತ್ತಿದಾಗಲೆಲ್ಲ ನಾನು ಬಟ್ಟೆ ಮಡಿಸುವುದನ್ನು ಬಿಟ್ಟು ಎರಡೂ ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಅಂಗಡಿಯಲ್ಲಿ ಇದ್ದದ್ದು ಒಂದೇ ಕಟ್ಟಳೆ. ಬಿಸಿ ಪೆಟ್ಟಿಗೆಯನ್ನು ಮೇಜಿನ ಎಡಗಡೆಯ ಮೂಲೆಯಲ್ಲೇ ಇಡಬೇಕು. ಒಮ್ಮೆ ಕೆಂಡ ತುಂಬಿದ ಮೇಲೆ ನಾನು ಮರೆತು ಬಲಕ್ಕೆ ಇಟ್ಟಿದ್ದಕ್ಕೆ ಅಜ್ಜಿ ಇಡೀ ದಿನ ಮಾತು ಬಿಟ್ಟಿದ್ದಳು.

ಉಳಿದ ದಿನ ಮಾತಾಡಿದರೆ ಒಂದೇ ವಿಷಯ, ನನ್ನ ಮುಪ್ಪು. ಓದಲು ಬಾರದ ಆ ಮುದುಕಿ ಅಂಚೆ ಕಚೇರಿಗೆ ತಾನೇ ಹೋಗಿ, ಮುಪ್ಪಿಗೆ ಹಣ ಕೂಡಿಡುವ ಖಾತೆಯ ಅರ್ಜಿಯೊಂದನ್ನು ನನಗಾಗಿ ತಂದಿದ್ದಳು. ನನಗೆ ನಗು. ಇನ್ನೂ ಸರಿಯಾದ ನೌಕರಿಯೇ ಇಲ್ಲ, ಆಗಲೇ ನಿವೃತ್ತಿಯೇ ಎಂದು ಗೆಳತಿಯರ ಮುಂದೆ ಅವಳನ್ನು ಅಣಕಿಸಿದ್ದೂ ಉಂಟು. ಇದರಲ್ಲಿ ಅವಳಿಗೇನೋ ಕಮಿಷನ್ ಇರಬೇಕೆಂದು ಅನುಮಾನವೂ ಇತ್ತು. ಅರ್ಜಿ ಮೂರು ತಿಂಗಳಿಂದ ನನ್ನ ಬ್ಯಾಗಿನಲ್ಲೇ ಮುದುಡುತ್ತಿತ್ತು. ಸಂಬಳದ ದಿನ ಬಂದಾಗಲೆಲ್ಲ ಜುಮುಕಿಯೋ ಚಪ್ಪಲಿಯೋ ಅಡ್ಡ ಬರುತ್ತಿತ್ತು.

"ನಗು ಮಗಾ, ನಗು," ಎಂದಳು ಒಂದು ದಿನ. "ಕೈ ನಿಂತೋದ ಮೇಲೂ ಹೊಟ್ಟೆ ನಿಲ್ಲಕಿಲ್ಲ."

ಅಂದು ನಗಲಾಗಲಿಲ್ಲ.

ಅದಾಗಿ ಒಂದು ವಾರಕ್ಕೆ ನಾನು ಹೆದರುತ್ತಿದ್ದದ್ದು ನಡೆದೇ ಹೋಯಿತು. ಪೆಟ್ಟಿಗೆ ಅಜ್ಜಿಯ ಕೈಯಿಂದ ಜಾರಿ ಮೇಜಿನ ನಡುವೆ ಬಿದ್ದು ಬಾಯಿ ತೆರೆಯಿತು. ಮೇಜಿಗೆ ಹಾಸಿದ್ದ ಕಂಬಳಿಗಳ ಮೇಲೆ ಕೆಂಡಗಳು ಚೆಲ್ಲಿ ಹೊಗೆ ಎದ್ದಿತು. ನಾನು ಮೊದಲು ಬಾಗಿಲವರೆಗೂ ಹಿಂದೆ ಸರಿದು, ಆಮೇಲೆ ತಿರುಗಿ ಬಂದೆ. ಬಟ್ಟೆಗೆ ಚಿಮುಕಿಸಲು ಇಟ್ಟಿದ್ದ ನೀರನ್ನೆಲ್ಲ ಸುರಿದೆ. ಅಜ್ಜಿ ಮಾತ್ರ ಓಡಲಿಲ್ಲ. ಬರಿಗೈಯಿಂದ ಕೆಂಡಗಳನ್ನು ಆಚೆ ತಳ್ಳುತ್ತ ಎಡಗಡೆಯ ಮೂಲೆಯನ್ನು ಮೈಯಿಂದ ಮುಚ್ಚಿ ನಿಂತಿದ್ದಳು.

ಅವಳನ್ನು ಎಳೆದು ಕೂರಿಸಿ, ಒಳಗೆ ಇನ್ನೂ ಕಿಡಿ ಇದೆಯೇನೋ ಎಂಬ ಹೆದರಿಕೆಯಲ್ಲಿ ಕಂಬಳಿಗಳನ್ನು ಒಂದೊಂದಾಗಿ ಎತ್ತಿದೆ. ಆ ಮೂಲೆಯಲ್ಲಿ, ಕೊನೆಯ ಪದರದ ಕೆಳಗೆ, ಒಂದು ಬಟ್ಟೆಯ ಚೀಲ. ಒಳಗೆ ನೋಟುಗಳು. ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ಹಪ್ಪಳದಂತಾಗಿದ್ದವು. ಬೆರಳು ತಾಕಿದ್ದೇ ತಡ, ಪುಡಿಯಾದವು.

ನಾನು ನೀರು ಹಾಕಲು ತಡ ಮಾಡಿದ್ದರಿಂದಲೇ ಹೀಗಾಯಿತೆಂದು ಅಳತೊಡಗಿದೆ. ಅಜ್ಜಿ ಸುಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ತಲೆ ಅಲ್ಲಾಡಿಸಿದಳು.

"ಇವತ್ತಿಂದಲ್ಲ ಕಣ್ ಮಗಾ. ಬಿಸಿ ಪೆಟ್ಗೆ ಕೆಳಕ್ಕೆ ಯಾರೂ ಕೈ ಹಾಕಕಿಲ್ಲ ಅಂತ ಮುಪ್ಪಿಗಿರ್ಲಿ ಅಂತ ಕೂಡಿಟ್ಟಿದ್ ದುಡ್ನ ಮೂವತ್ ವರ್ಸ ಅಲ್ಲೇ ಮಡಗ್ದೆ. ಕಳ್ರೇನೂ ಬರ್ನಿಲ್ಲ. ಪೆಟ್ಗೇನೇ ತಿನ್ಕತು. ನಾನ್ ತೆಗ್ದ್ ನೋಡ್ದಾಗ್ಲೇ ಹಿಂಗಾಗಿತ್ತು, ಅದಾಗಿ ಐದ್ ವರ್ಸ ಆಯ್ತು."

"ಮತ್ತೆ ಇವತ್ತೂ ಯಾಕಜ್ಜಿ ಅಲ್ಲೇ ನಿಂತ್ಕೊಂಡೆ?"

"ಏನೂ ಇಲ್ಲ ಅನ್ನೋದು ನಿಂಗೆ ಕಾಣಬಾರ್ದಿತ್ತು."

ಮರುದಿನ ಅಂಚೆ ಕಚೇರಿಯಲ್ಲಿ ಅರ್ಜಿ ತುಂಬಿದೆ. ಹಣ ಯಾವ ವಯಸ್ಸಿನಿಂದ ಬೇಕೆಂಬ ಸಾಲಿನಲ್ಲಿ ಅರವತ್ತು ಎಂದು ಬರೆದು, ಅದನ್ನೇ ಇನ್ನೊಮ್ಮೆ ಓದಿದೆ. ಅಲ್ಲಿಯವರೆಗೆ ಅರವತ್ತು ಬೇರೆ ಯಾರದೋ ವಯಸ್ಸಾಗಿತ್ತು. ಸಹಿ ಎರಡು ಸಲ ಕೆಟ್ಟಿತು.

ಮಧ್ಯಾಹ್ನ ಅಂಗಡಿಯಲ್ಲಿ ಅಜ್ಜಿ ಕೈಗೆ ಬಟ್ಟೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದಳು. ರಸೀದಿ ತೋರಿಸಿದೆ. ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿ, ನೀಟಾಗಿ ಮಡಿಸಿ ಹಿಂದಕ್ಕೆ ಕೊಟ್ಟಳು. ಅಂದು ಮೊದಲ ಸಲ ಇಸ್ತ್ರಿ ಮಾಡಲು ಪೆಟ್ಟಿಗೆಯನ್ನು ನಾನೇ ಹಿಡಿದೆ. ಒಂದು ಶರ್ಟ್ ಮುಗಿಸಿ, ಅಭ್ಯಾಸದಂತೆ ಕೈ ಎಡಗಡೆಯ ಮೂಲೆಗೆ ಹೊರಟಿತು. ಅರ್ಧದಲ್ಲೇ ನಿಂತಿತು. ಆ ಮೂಲೆಯಲ್ಲಿ ಕಾಯಲು ಇನ್ನೇನೂ ಉಳಿದಿರಲಿಲ್ಲ. ಹೊರಗಿನ ಗಾಳಿಗೆ ಆ ಕೆಂಪು ಕಣ್ಣುಗಳು ಮೆಲ್ಲಗೆ ತೆರೆದವು. ಅಜ್ಜಿ ಹಿಡಿದಾಗಿನಂತೆಯೇ ಪೆಟ್ಟಿಗೆ ನಡುಗುತ್ತಿತ್ತು, ಹಿಡಿದಿದ್ದದ್ದು ನನ್ನ ಕೈ.